ಐದು ವರ್ಷದ ಕರಾರು: ಜಮೈಕಾದಿಂದ ಆಫ್ರಿಕಾಕ್ಕೆ ಹೋದ ಮಿಶನ್ ಕುಟುಂಬಗಳು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)



ನಮ್ಮ ಕಡೆ ಬಸ್ಸಲ್ಲೋ ಮದುವೆ ಮನೆಯಲ್ಲೋ ಹೊಸಬರು ಸಿಕ್ಕರೆ ಹೆಸರು ಕೇಳೋಕೂ ಮುಂಚೆ ಒಂದು ಪ್ರಶ್ನೆ ಬಂದೇ ಬರುತ್ತೆ. "ನಿಮ್ದು ಯಾವೂರಾಯ್ತು?" ಉತ್ತರ ಸುಲಭ ಅಂತ ನಾವು ಅಂದ್ಕೊಂಡಿದ್ದೀವಿ. ಹುಟ್ಟಿದ್ದು ಒಂದೂರು, ಓದಿದ್ದು ಇನ್ನೊಂದೂರು, ಕೆಲಸ ಮತ್ತೊಂದೂರು ಅನ್ನೋರಿಗೆ ಮಾತ್ರ ಒಂದು ಕ್ಷಣ ತಡವರಿಸುತ್ತೆ. ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ಉತ್ತರ ಹೇಳೋಕೆ ತುಂಬಾ ಕಷ್ಟ ಆಗಿದ್ದ ಕೆಲವು ಕುಟುಂಬಗಳ ಬಗ್ಗೆ. ಅವರು ಕ್ರೈಸ್ತ ಮಿಶನ್ ಕೆಲಸಕ್ಕೆ ಅಂತ 1843ರಲ್ಲಿ ಆಫ್ರಿಕಾಕ್ಕೆ ಹೋದವರು. ಹೋದವರು ಬಿಳಿಯರಲ್ಲ. ಜಮೈಕಾದ ಕರಿಯರು. ಐದು ವರ್ಷದ ಹಿಂದಿನವರೆಗೂ ಅವರ ದ್ವೀಪದಲ್ಲಿ ಗುಲಾಮಗಿರಿ ಪೂರ್ತಿ ಕಳೆದಿರಲಿಲ್ಲ.

1843 ಅಂದ ಕೂಡಲೇ ಪತ್ರಿಕೋದ್ಯಮದ ಗೆಳೆಯರ ಕಿವಿ ನೆಟ್ಟಗಾಗಿರಬೇಕು. ಹೌದು, ಅದೇ ವರ್ಷ ಜುಲೈ 1ಕ್ಕೆ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸ್ತೀವಿ. ಮೋಗ್ಲಿಂಗ್ ಬಾಸೆಲ್ ಮಿಶನ್‌ನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಒಂದು ಕಮಿಟಿ ಅವರನ್ನು ಇಲ್ಲಿಗೆ ಕಳಿಸಿತ್ತು. ಅದೇ ಕಮಿಟಿ, ಅದೇ ವರ್ಷ, ಅಂದರೆ ಮಂಗಳೂರಲ್ಲಿ ಪತ್ರಿಕೆ ಅಚ್ಚಾಗೋಕೆ ಎರಡೂವರೆ ತಿಂಗಳ ಮುಂಚೆ, ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ಈ ಕುಟುಂಬಗಳನ್ನು ಇಳಿಸಿತ್ತು. ಗೋಲ್ಡ್ ಕೋಸ್ಟ್ ಅಂದರೆ ಇವತ್ತಿನ ಘಾನಾ. ನಮ್ಮ ಕರಾವಳಿಯಲ್ಲಿ ಬಾಸೆಲ್ ಮಿಶನ್ ಅಂದರೆ ಹೆಂಚು, ಅಚ್ಚುಕೂಟ, ಶಾಲೆ, ಕಿಟ್ಟೆಲ್ ನಿಘಂಟು. ಆ ಮಿಶನ್ನಿನ ಆಫ್ರಿಕಾದ ಕತೆ ನಮಗೆ ಅಷ್ಟಾಗಿ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ನಾನು ಓದಿದ್ದು ಬಿಕಾಂ. ಹಾಗಾಗಿ ಯಾವ ಕತೆ ಓದಿದರೂ ಮೊದಲು ಕಣ್ಣು ಹೋಗೋದು ಲೆಕ್ಕಕ್ಕೆ. ಈ ಕತೆಯ ಲೆಕ್ಕ ಭಯಂಕರವಾಗಿದೆ. ಬಾಸೆಲ್ ಮಿಶನ್ನಿನ ಮೊದಲ ನಾಲ್ಕು ಜನ ಗೋಲ್ಡ್ ಕೋಸ್ಟಿಗೆ ಬಂದಿದ್ದು 1828ರ ಡಿಸೆಂಬರಿನಲ್ಲಿ. ಮುಂದಿನ ವರ್ಷ ಮುಗಿಯೋದರೊಳಗೆ ಅವರಲ್ಲಿ ಮೂವರು ತೀರಿಕೊಂಡರು. ನಾಲ್ಕನೆಯವರು 1831ರಲ್ಲಿ. 1832ರಲ್ಲಿ ಇನ್ನೂ ಮೂವರು ಬಂದರು. ಅದರಲ್ಲಿ ಒಬ್ಬರು ಡಾಕ್ಟರು. ಡಾಕ್ಟರೇ ಮೊದಲು ಹೋದರು, ಇನ್ನೊಬ್ಬರು ಹಿಂದೆಯೇ. ಉಳಿದವರು ಆಂಡ್ರಿಯಾಸ್ ರೀಸ್ ಒಬ್ಬರೇ. ಅವರೂ ಜ್ವರದಲ್ಲಿ ಸಾಯೋ ಸ್ಥಿತಿಗೆ ಬಂದಿದ್ದರು. ಅವರನ್ನು ಉಳಿಸಿದ್ದು ಅಲ್ಲಿನ ನಾಟಿ ವೈದ್ಯರು. ಆಮೇಲೆ ಇನ್ನಿಬ್ಬರು ಬಂದರು, ಅವರೂ ಉಳಿಯಲಿಲ್ಲ. ಒಟ್ಟು ಒಂಬತ್ತು ಜನ ಹೋಗಿ ಎಂಟು ಜನ ಮಣ್ಣಾದರು. ಹನ್ನೆರಡು ವರ್ಷದ ದುಡಿಮೆ ಅದು.

ರೀಸ್ 1835ರಲ್ಲಿ ಕರಾವಳಿ ಬಿಟ್ಟು ಬೆಟ್ಟದ ಮೇಲಿನ ಅಕ್ರೊಪೊಂಗ್‌ಗೆ ಹೋದರು. ಅಕ್ವಾಪೆಮ್ ಅನ್ನೋ ಸಂಸ್ಥಾನದ ರಾಜಧಾನಿ ಅದು, ಸ್ವಲ್ಪ ತಂಪು ಜಾಗ. ಅಲ್ಲಿ ಗಟ್ಟಿ ಮನೆ ಕಟ್ಟಿದರು. ಊರಿನವರು ಅವರಿಗೆ 'ಒಸಿಯಾಡಾನ್' ಅಂತ ಹೆಸರಿಟ್ಟರು, ಮನೆ ಕಟ್ಟೋನು ಅಂತ ಅರ್ಥ. ಮನೆ ಎದ್ದಿತು, ಆದರೆ ಧರ್ಮಕ್ಕೆ ಯಾರೂ ಬರಲಿಲ್ಲ. 1840ರಲ್ಲಿ ರೀಸ್ ಯುರೋಪಿಗೆ ವಾಪಸ್ ಹೊರಟಾಗ ಅಕ್ವಾಪೆಮ್ ದೊರೆ ಅದ್ದೋ ಡಂಕ್ವಾ ಅವರಿಗೆ ಒಂದು ಮಾತು ಹೇಳಿದ್ದರು ಅಂತ ಘಾನಾದ ಪ್ರೆಸ್ಬಿಟೇರಿಯನ್ ಸಭೆಯವರು ಇವತ್ತಿಗೂ ಹೇಳ್ತಾರೆ. ದೇವರು ಬಿಳಿಯನಿಗೆ ಪುಸ್ತಕ ಕೊಟ್ಟ, ನಮಗೆ ನಮ್ಮ ದೈವಗಳನ್ನ ಕೊಟ್ಟ. ಬಿಳಿಯನ ಪುಸ್ತಕ ಓದೋ ಕರಿಯನನ್ನ ತೋರಿಸು, ಆಮೇಲೆ ನೋಡೋಣ. ಇದು ಆ ಮಾತಿನ ಸಾರ. ಕತೆ ಬಾಯಿಂದ ಬಾಯಿಗೆ ಬರುವಾಗ ಎಷ್ಟು ಬದಲಾಗಿದೆಯೋ, ಮಾತಿನ ಹಿಂದಿನ ತರ್ಕ ಮಾತ್ರ ಸ್ಪಷ್ಟ: ನೀನು ತಂದ ಸರಕು ನಮಗೆ ಹೊಂದುತ್ತೆ ಅನ್ನೋಕೆ ಪುರಾವೆ ಎಲ್ಲಿ?

ಬಾಸೆಲ್ ಕಮಿಟಿಗೆ ಅಲ್ಲೊಂದು ಯೋಚನೆ ಹೊಳೆಯಿತು. ಬಿಳಿಯರು ಜ್ವರಕ್ಕೆ ಸಾಯ್ತಿದ್ದಾರೆ. ಜಮೈಕಾದಲ್ಲಿ ಮೊರೇವಿಯನ್ ಸಭೆಗೆ ಸೇರಿದ, ಓದು ಬರಹ ಬಲ್ಲ ಕರಿಯ ಕ್ರೈಸ್ತರಿದ್ದಾರೆ. ಅವರ ಹಿರಿಯರು ಬಂದಿದ್ದೇ ಆಫ್ರಿಕಾದಿಂದ. ಅವರನ್ನು ಸಂಸಾರ ಸಮೇತ ಕರೆದುಕೊಂಡು ಹೋದರೆ? ಹವೆ ಒಗ್ಗುತ್ತೆ, ಜನ ನಂಬ್ತಾರೆ, ಕ್ರೈಸ್ತ ಕುಟುಂಬ ಅಂದರೆ ಹೇಗಿರುತ್ತೆ ಅಂತ ಕಣ್ಣಾರೆ ನೋಡ್ತಾರೆ. ಕಾಗದದ ಮೇಲೆ ತುಂಬಾ ಚೆನ್ನಾಗಿದ್ದ ಯೋಜನೆ. ಅದರೊಳಗೆ ಒಂದು ಊಹೆ ಅಡಗಿತ್ತು. ಕರಿಯರಾದ್ದರಿಂದ ಆಫ್ರಿಕಾ ಅವರ ಊರೇ ಅನ್ನೋ ಊಹೆ.

ರೀಸ್ 1842ರಲ್ಲಿ ಜಮೈಕಾಕ್ಕೆ ಹೋದರು. ಜೊತೆಗೆ ಹೆಂಡತಿ ಆನಾ, ಯೋಹಾನ್ ಗಿಯೋರ್ಗ್ ವಿಡ್‌ಮನ್ ಅನ್ನೋ ಇನ್ನೊಬ್ಬ ಮಿಶನರಿ, ಆಮೇಲೆ ಜಾರ್ಜ್ ಥಾಂಪ್ಸನ್. ಥಾಂಪ್ಸನ್ ಆಫ್ರಿಕಾದಲ್ಲಿ ಹುಟ್ಟಿ ಯುರೋಪಿನಲ್ಲಿ ಓದಿದ ಯುವಕ. ಜನರನ್ನು ಆರಿಸಿದರು: ಗ್ರೀನ್, ಹಾಲ್, ಮಿಲ್ಲರ್, ಮಲ್ಲಿಂಗ್ಸ್, ರೋಚೆಸ್ಟರ್, ವಾಕರ್ ಹೀಗೆ ಆರು ಕುಟುಂಬ. ಜೊತೆಗೆ ಮದುವೆಯಾಗದ ಮೂವರು ಯುವಕರು. ಅವರಲ್ಲಿ ಒಬ್ಬನ ಹೆಸರು ಅಲೆಕ್ಸಾಂಡರ್ ವರ್ದಿ ಕ್ಲರ್ಕ್. ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತೆ. ಹಾಲ್ ಅನ್ನೋ ಹೆಸರನ್ನೂ.

ಇಲ್ಲಿ ನನ್ನ ಕಾಮರ್ಸ್ ಮನಸ್ಸಿಗೆ ತುಂಬಾ ಹಿಡಿಸಿದ ವಿಷಯ ಒಂದಿದೆ. ಇವರು ಕರೆದ ಕೂಡಲೇ ಹೊರಟವರಲ್ಲ. ಕರಾರು ಮಾಡಿಕೊಂಡು ಹೊರಟವರು. ಮೊದಲ ಎರಡು ವರ್ಷ ಖರ್ಚೆಲ್ಲ ಮಿಶನ್ನಿನದು. ಆಮೇಲೆ ಮಿಶನ್‌ಗೆ ದುಡಿದರೆ ಕೂಲಿ ಕೊಡಬೇಕು. ಇರೋಕೆ ಮನೆ, ಬೆಳೆಯೋಕೆ ಜಮೀನು. ಎಲ್ಲಕ್ಕಿಂತ ಮುಖ್ಯವಾದ ಶರತ್ತು: ಐದು ವರ್ಷ ಆದ ಮೇಲೆ ಯಾರಿಗಾದರೂ ವಾಪಸ್ ಹೋಗಬೇಕು ಅನ್ನಿಸಿದರೆ, ನಡತೆ ಸರಿಯಿದ್ದಲ್ಲಿ, ಹಡಗಿನ ಖರ್ಚು ಮಿಶನ್ನಿನದೇ.

ಇದರ ತೂಕ ಸ್ವಲ್ಪ ಯೋಚನೆ ಮಾಡಿ. ಬ್ರಿಟಿಷ್ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ರದ್ದಾಗಿದ್ದು 1834ರಲ್ಲಿ. ಅದಾದ ಮೇಲೂ 'ಅಪ್ರೆಂಟಿಸ್' ಅನ್ನೋ ಹೆಸರಲ್ಲಿ ಅದೇ ಧಣಿಗಳ ಹತ್ತಿರ ಬಿಟ್ಟಿ ದುಡಿಸಿದರು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರಲ್ಲಿ. ಇವರ ಅಜ್ಜ ಅಜ್ಜಿಯರನ್ನು ಹಡಗು ಹತ್ತಿಸಿದಾಗ ಯಾರೂ ಕರಾರು ಮಾಡಿಕೊಂಡಿರಲಿಲ್ಲ. ವಾಪಸ್ ಬರೋ ಟಿಕೆಟ್ ಅನ್ನೋ ಮಾತೇ ಇರಲಿಲ್ಲ. ಈಗ ಮೊಮ್ಮಕ್ಕಳು ಅದೇ ಸಮುದ್ರ ದಾಟಬೇಕು. ಎಲ್ಲಿಗೆ, ಎಷ್ಟು ವರ್ಷಕ್ಕೆ, ಯಾವ ಕೂಲಿಗೆ, ವಾಪಸಾತಿ ಯಾರ ಖರ್ಚಲ್ಲಿ, ಎಲ್ಲವೂ ಮೊದಲೇ ತೀರ್ಮಾನ ಆಗಿರಬೇಕು. ದೇವರ ಕೆಲಸಕ್ಕೆ ಹೊರಟವರಿಗೆ ಕರಾರು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಮಾತ್ರ ಆ ಕರಾರಿನಲ್ಲೇ ಅವರ ಸ್ವಾತಂತ್ರ್ಯ ಕಾಣುತ್ತೆ.

'ಜೋಸೆಫ್ ಆಂಡರ್ಸನ್' ಅನ್ನೋ ಹಡಗನ್ನು 600 ಪೌಂಡಿಗೆ ಗೊತ್ತು ಮಾಡಿದರು. 1843ರ ಫೆಬ್ರವರಿ 8ಕ್ಕೆ ಅದು ಜಮೈಕಾದ ಕಿಂಗ್‌ಸ್ಟನ್ ಬಿಟ್ಟಿತು. ಹಡಗಿನಲ್ಲಿ ಗಿಡಗಳೂ ಇದ್ದವು. ಮಾವು, ಬೆಣ್ಣೆಹಣ್ಣು, ನಮ್ಮ ಕೆಸುವಿನ ಜಾತಿಯ ಗೆಡ್ಡೆ. ಮಾವಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಆ ಹಡಗಿನಲ್ಲಿ ಹದಿನಾರರ ಆಸುಪಾಸಿನ ಒಬ್ಬ ಹುಡುಗಿ ಇದ್ದಳು, ಕ್ಯಾಥರಿನ್ ಮಲ್‌ಗ್ರೇವ್. ಹೊರಡೋ ಮುಂಚೆಯಷ್ಟೇ ಜಾರ್ಜ್ ಥಾಂಪ್ಸನ್ ಜೊತೆ ಮದುವೆ ಆಗಿತ್ತು. ಅವಳು ಹುಟ್ಟಿದ್ದು ಜಮೈಕಾದಲ್ಲಲ್ಲ, ಆಫ್ರಿಕಾದಲ್ಲೇ, ಅಂಗೋಲಾದ ಲುವಾಂಡಾದಲ್ಲಿ. ಆರು ವರ್ಷದ ಮಗುವಾಗಿದ್ದಾಗ ಸಮುದ್ರದ ದಂಡೆಯಿಂದ ಗುಲಾಮರ ವ್ಯಾಪಾರಿಗಳು ಅವಳನ್ನ ಎತ್ತಿಕೊಂಡು ಹೋದರು. 1833ರಲ್ಲಿ ಆ ಹಡಗು ಜಮೈಕಾ ಹತ್ತಿರ ಒಡೆಯಿತು. ಬದುಕಿದವರಲ್ಲಿ ಇವಳೂ ಒಬ್ಬಳು. ಆಗಿನ ಜಮೈಕಾ ಗವರ್ನರ್ ಮಲ್‌ಗ್ರೇವ್ ದಂಪತಿ ಅವಳನ್ನು ಆಶ್ರಯಕ್ಕೆ ತೆಗೆದುಕೊಂಡರು, ಹೆಸರು ಬಂದಿದ್ದೂ ಅಲ್ಲಿಂದಲೇ. ಆಮೇಲೆ ಮೊರೇವಿಯನ್ನರ ಶಾಲೆಯಲ್ಲಿ ಓದಿ ಟೀಚರ್ ಆದಳು. ಹತ್ತು ವರ್ಷದ ಮೇಲೆ ಅದೇ ಸಮುದ್ರದ ಮೇಲೆ ಉಲ್ಟಾ ದಿಕ್ಕಿನಲ್ಲಿ ಹೊರಟಿದ್ದಾಳೆ.

ಹಾಗಾದರೆ ಕ್ಯಾಥರಿನ್ ಊರಿಗೆ ವಾಪಸ್ ಹೋಗ್ತಿದ್ದಾಳಾ? ಮ್ಯಾಪ್ ತೆಗೆದು ನೋಡಿ. ಲುವಾಂಡಾದಿಂದ ಅವಳು ಇಳಿಯಬೇಕಿದ್ದ ಅಕ್ರಾಗೆ 2,000 ಕಿಲೋಮೀಟರಿಗೂ ಹೆಚ್ಚು. ಮಂಗಳೂರಿಂದ ದೆಹಲಿಗಿಂತ ದೂರ. ಭಾಷೆ ಬೇರೆ, ಜನ ಬೇರೆ, ಆಡಳಿತ ಬೇರೆ. ಮಂಗಳೂರಲ್ಲಿ ಕಳೆದುಹೋದ ಮಗುವನ್ನ ಹತ್ತು ವರ್ಷ ಬಿಟ್ಟು ದೆಹಲಿಯಲ್ಲಿ ಇಳಿಸಿ, ನೋಡಮ್ಮ ನಿನ್ನೂರು ಬಂತು ಅಂದರೆ ಹೇಗಿರುತ್ತೆ?

ಹಡಗು 67 ದಿನ ತೇಲಿ ಏಪ್ರಿಲ್ 16ಕ್ಕೆ ದಡ ಸೇರಿತು. ಅವತ್ತು ಈಸ್ಟರ್ ಭಾನುವಾರ. ಇಳಿದಿದ್ದು ಇವತ್ತಿನ ಅಕ್ರಾ ನಗರದೊಳಗೆ ಸೇರಿರುವ ಕ್ರಿಶ್ಚಿಯನ್ಸ್‌ಬೋರ್ಗ್‌ನಲ್ಲಿ. ಅದು ಡೆನ್ಮಾರ್ಕಿನವರ ಕೋಟೆ. ಎಂಥ ಕೋಟೆ? ಡೇನರು 1803ರಲ್ಲಿ ಸಾಗಣೆಗೆ ನಿಷೇಧ ತರೋವರೆಗೂ ಗುಲಾಮರನ್ನು ಕೂಡಿಹಾಕಿ ವೆಸ್ಟ್ ಇಂಡೀಸಿಗೆ ಹಡಗು ಹತ್ತಿಸುತ್ತಿದ್ದ ಕೋಟೆ. ಇವರ ಪೈಕಿ ಯಾರ ಅಜ್ಜ ಯಾವ ಕೋಟೆಯಿಂದ ಹೋಗಿದ್ದರು ಅಂತ ಯಾರಿಗೆ ಗೊತ್ತು? ಆದರೆ ಅಂಥ ಬಾಗಿಲ ಮುಂದೆ ಮಕ್ಕಳ ಕೈ ಹಿಡಿದು, ಗಿಡಗಳ ಪೆಟ್ಟಿಗೆ ಇಟ್ಟುಕೊಂಡು ಈಸ್ಟರ್ ದಿನ ಇಳಿದರಲ್ಲ, ಅದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಅಲ್ಲಿಂದ ಅಕ್ರೊಪೊಂಗ್. ಶುರುವಿನ ದಿನಗಳು ಸುಖದ್ದಲ್ಲ. ಜಮೈಕಾದವರು ಆಡೋದು ಇಂಗ್ಲಿಷ್. ಬೆಟ್ಟದ ಮೇಲಿನ ಜನ ಆಡೋದು ಟ್ವಿ. ಕರಾವಳಿಯಲ್ಲಿ ಗಾ ಭಾಷೆ. ಮಿಶನರಿಗಳು ತಮ್ಮತಮ್ಮಲ್ಲಿ ಜರ್ಮನ್. ಮೈಬಣ್ಣ ಒಂದೇ ಆಗಿದ್ದರೂ ಬಟ್ಟೆ, ಊಟ, ಪ್ರಾರ್ಥನೆ, ಮನೆ ಕಟ್ಟೋ ರೀತಿ ಎಲ್ಲ ಬೇರೆ. ಅಕ್ರೊಪೊಂಗ್ ಜನರ ಕಣ್ಣಿಗೆ ಇವರು ಹೊರಗಿನವರೇ. ಮಿಶನರಿಗಳ ಕಣ್ಣಿಗೆ ಕೆಲಸಕ್ಕೆ ಬಂದವರು. ಇಬ್ಬರ ನಡುವೆ ಇವರ ಜಾಗ ಯಾವುದು ಅಂತ ಯಾರೂ ಯೋಚನೆ ಮಾಡಿರಲಿಲ್ಲ.

ಜಗಳ ಬೇಗ ಶುರುವಾಯಿತು. ರೀಸ್ ಕಟ್ಟುನಿಟ್ಟಿನ ಮನುಷ್ಯ, ಹುಕುಂ ಮಾಡಿ ಅಭ್ಯಾಸ. ಇವರು ಹುಕುಂ ಕೇಳೋ ಕಾಲ ದಾಟಿ ಬಂದವರು. ಮನೆ, ಊಟ, ಕೂಲಿ, ಕೆಲಸ ಎಲ್ಲದಕ್ಕೂ ತಕರಾರು. ಮಿಶನರಿಗಳು ಬಾಸೆಲ್‌ಗೆ ಬರೆದ ದೂರುಗಳನ್ನ ಮಾತ್ರ ಓದಿದರೆ ಇವರು ಸೋಮಾರಿಗಳು, ಬೇಡಿಕೆ ಜಾಸ್ತಿ ಅನ್ನಿಸಬಹುದು. ಕರಾರನ್ನ ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೇರೆಯೇ ಕಾಣುತ್ತೆ. ಒಪ್ಪಿಕೊಂಡಿದ್ದನ್ನ ಕೊಡಿ ಅಂತ ಕೇಳ್ತಿದ್ದಾರೆ, ಅಷ್ಟೇ. ಕೊನೆಗೆ ರೀಸ್ ವಿರುದ್ಧವೇ ಆರೋಪಗಳು ಬಂದು, ಕಮಿಟಿ 1845ರಲ್ಲಿ ಅವರನ್ನ ಕೆಲಸದಿಂದ ಬಿಡಿಸಿತು. ಎಂಟು ಸಾವು ದಾಟಿ ಬದುಕಿ ಉಳಿದ ಮನುಷ್ಯ ಜನರ ಜೊತೆ ಏಗಲಾರದೆ ಹೊರಟುಹೋದರು.

ಇಷ್ಟರ ನಡುವೆಯೂ ಕೆಲಸ ನಡೀತು. ಬಂದ ವರ್ಷವೇ ಥಾಂಪ್ಸನ್, ಕ್ಯಾಥರಿನ್, ಕ್ಲರ್ಕ್ ಮೂವರೂ ಸೇರಿ ಕ್ರಿಶ್ಚಿಯನ್ಸ್‌ಬೋರ್ಗ್‌ನಲ್ಲಿ ಶಾಲೆ ತೆರೆದರು. ಕ್ಯಾಥರಿನ್ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಟ್ಟಳು. ಅಕ್ರೊಪೊಂಗ್‌ನಲ್ಲಿ ಕಲ್ಲಿನ ಮನೆಗಳು ಎದ್ದವು, ತಂದ ಗಿಡಗಳು ಬೇರು ಬಿಟ್ಟವು. ಇವರಿದ್ದ ಬೀದಿಗೆ ಹ್ಯಾನೋವರ್ ಅನ್ನೋ ಹೆಸರು ಬಂತು. ಅದು ಜಮೈಕಾದ ಒಂದು ಜಿಲ್ಲೆಯ ಹೆಸರು.

ಆದರೆ ಕ್ಯಾಥರಿನ್ ಸಂಸಾರ ನಿಲ್ಲಲಿಲ್ಲ. ಗಂಡ ಹಾದಿ ತಪ್ಪಿದ. ಎರಡು ಮಕ್ಕಳಿದ್ದರು. 1849ರಲ್ಲಿ ಮದುವೆ ಮುರಿಯಿತು. ಊರಿಲ್ಲ, ತವರಿಲ್ಲ, ಇಪ್ಪತ್ತೆರಡರ ವಯಸ್ಸು. ಆದರೂ ಶಾಲೆ ಬಿಡಲಿಲ್ಲ. 1851ರಲ್ಲಿ ಯೋಹಾನೆಸ್ ಜಿಮ್ಮರ್‌ಮನ್ ಅನ್ನೋ ಜರ್ಮನ್ ಮಿಶನರಿ ಅವಳನ್ನು ಮದುವೆಯಾದರು. ಮುಂದೆ ಬೈಬಲನ್ನು ಗಾ ಭಾಷೆಗೆ ತಂದವರು ಅವರೇ. ಬಾಸೆಲ್ ಮಿಶನರಿಗಳು ಮದುವೆಯಾಗಬೇಕಾದರೆ ಕಮಿಟಿ ಒಪ್ಪಿಗೆ ಬೇಕು. ಇವರು ಕೇಳಲಿಲ್ಲ. ಬಿಳಿ ಗಂಡು, ಕರಿ ಹೆಣ್ಣು, ಅದೂ ವಿಚ್ಛೇದನ ಆದವಳು. ಕಮಿಟಿ ತಲೆ ಕೆಡಿಸಿಕೊಂಡು ಕೊನೆಗೆ ಒಪ್ಪಿತು, ಒಂದು ಷರತ್ತಿನ ಮೇಲೆ. ಇನ್ಮೇಲೆ ನೀನು ಆಫ್ರಿಕಾದವನು ಅಂತಲೇ ಲೆಕ್ಕ, ಹೆಂಡತಿ ಮಕ್ಕಳನ್ನ ಯುರೋಪಿಗೆ ಕರೆತರೋ ಹಕ್ಕು ಕೇಳಬೇಡ. ಕಮಿಟಿಗೆ ಅದು ದಂಡ. ಜಿಮ್ಮರ್‌ಮನ್‌ಗೆ ಅದು ದಂಡ ಅನ್ನಿಸಲಿಲ್ಲ. ಆಫ್ರಿಕನ್ನರ ನಡುವೆ ಆಫ್ರಿಕನ್ ಆಗಿ ಬದುಕಬೇಕು ಅನ್ನೋದೇ ಅವರ ಆಸೆಯಾಗಿತ್ತು. ಅವರಿಗೆ ಆರು ಮಕ್ಕಳಾದವು. ಕ್ಯಾಥರಿನ್ 1891ರಲ್ಲಿ ತೀರಿಕೊಂಡಿದ್ದು ತಾನು ಹದಿನಾರರಲ್ಲಿ ಇಳಿದ ಅದೇ ಕ್ರಿಶ್ಚಿಯನ್ಸ್‌ಬೋರ್ಗ್‌ನಲ್ಲಿ.

ಈಗ ಕರಾರಿಗೆ ವಾಪಸ್ ಬರೋಣ. ಐದು ವರ್ಷ ತುಂಬಿದ್ದು 1848ಕ್ಕೆ. ಕೆಲವರು ತಮ್ಮ ಹಕ್ಕು ಕೇಳಿ ಜಮೈಕಾಕ್ಕೆ ಹೊರಟರು. ಇದನ್ನ ಸೋಲು ಅಂತ ಬರೆಯೋರಿದ್ದಾರೆ. ನನಗೆ ಹಾಗನ್ನಿಸಲ್ಲ. ಸಮುದ್ರ ದಾಟಿ ಹೋದ ಕರಿಯ ಕುಟುಂಬ ತನ್ನಿಷ್ಟಕ್ಕೆ, ಕರಾರಿನ ಪ್ರಕಾರ, ಇನ್ನೊಬ್ಬರ ಖರ್ಚಲ್ಲಿ ತನ್ನೂರಿಗೆ ವಾಪಸ್ ಬಂತು. ಆ ಕಾಲದಲ್ಲಿ ಅಂಥ ಹಡಗುಗಳು ಎಷ್ಟಿದ್ದಾವು?

ಕೆಲವರು ಉಳಿದರು. ಜಾನ್ ಹಾಲ್ ಕುಟುಂಬ ಉಳಿಯಿತು. ಹಾಲ್ ಅಕ್ರೊಪೊಂಗ್ ಸಭೆಯ ಹಿರಿಯರಾದರು. ಅಲೆಕ್ಸಾಂಡರ್ ಕ್ಲರ್ಕ್ ಅದೇ 1848ರಲ್ಲಿ ಅಲ್ಲಿನವರೇ ಆದ ಪಾಲಿನ್ ಹೆಸ್ಸೆಯನ್ನ ಮದುವೆಯಾದರು. ಅದೇ ವರ್ಷ ಅಕ್ರೊಪೊಂಗ್‌ನಲ್ಲಿ ಉಪದೇಶಕರ ಮತ್ತು ಶಿಕ್ಷಕರ ತರಬೇತಿ ಕಾಲೇಜು ಶುರುವಾಯಿತು. ಅದು ಇವತ್ತಿಗೂ ಇದೆ.

ಎಲ್ಲ ಒಳ್ಳೆಯದೇ ಆಯಿತು ಅಂತ ನಾನು ಹೇಳ್ತಿಲ್ಲ. ಕ್ರೈಸ್ತರಾದವರಿಗೆ ಬಾಸೆಲ್ ಮಿಶನ್ 'ಸೇಲಂ' ಅಂತ ಬೇರೆ ಕೇರಿಗಳನ್ನೇ ಕಟ್ಟಿತು. ಅಲ್ಲಿಗೆ ಸೇರಿದವರು ತಮ್ಮ ಬಂಧುಬಳಗದಿಂದ ಅಷ್ಟರ ಮಟ್ಟಿಗೆ ದೂರವಾದರು. ನಮ್ಮ ಕರಾವಳಿಯಲ್ಲೂ ಮತಾಂತರ ಆದವರು ಮನೆ, ಆಸ್ತಿ, ಕುಲಕಸುಬು ಕಳೆದುಕೊಂಡಾಗ ಅವರಿಗೆ ದುಡಿಮೆ ಬೇಕು ಅಂತಲೇ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಬಂದವು. ಒಂದು ಮನೆ ಕಟ್ಟೋಕೆ ಇನ್ನೊಂದು ಮನೆಯ ಗೋಡೆ ಬಿರುಕು ಬಿಟ್ಟಿದ್ದನ್ನೂ ಲೆಕ್ಕದಲ್ಲಿ ಬರೆಯಬೇಕು.

ಕತೆಯ ಕೊನೆಯ ಎಂಟ್ರಿ 1918ರದ್ದು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಕಾರಣಕ್ಕೆ ಬ್ರಿಟಿಷರು ಬಾಸೆಲ್ ಮಿಶನರಿಗಳನ್ನ 1917ರ ಕೊನೆಗೆ ಗೋಲ್ಡ್ ಕೋಸ್ಟಿನಿಂದ ಹೊರಗೆ ಹಾಕಿದರು. ಸಭೆ ನಡೆಸೋರು ಯಾರು? 1918ರಲ್ಲಿ ಮೊದಲ ಮಾಡರೇಟರ್, ಅಂದರೆ ಸಭೆಯ ಅಧ್ಯಕ್ಷರಾಗಿ ಆರಿಸಿದ್ದು ಪೀಟರ್ ಹಾಲ್ ಅವರನ್ನ. ಜಮೈಕಾದ ಜಾನ್ ಹಾಲ್ ಮಗ, ಅಕ್ರೊಪೊಂಗ್‌ನಲ್ಲೇ ಹುಟ್ಟಿದವರು. ಮೊದಲ ಕಾರ್ಯದರ್ಶಿ ನಿಕೋಲಸ್ ಟಿಮೊಥಿ ಕ್ಲರ್ಕ್, ಅಲೆಕ್ಸಾಂಡರ್ ಕ್ಲರ್ಕ್ ಮಗ. ಯುರೋಪಿನವರು ಹೋದ ದಿನ ಕೀಲಿಕೈ ಸೇರಿದ್ದು ಆ ಹಡಗಿನಲ್ಲಿ ಬಂದವರ ಮಕ್ಕಳ ಕೈಗೆ.

ಕಮಿಟಿಯ ಊಹೆ ತಪ್ಪಾಗಿತ್ತು ಅಂತ ನನಗನ್ನಿಸುತ್ತೆ. ಮೈಬಣ್ಣ ನೋಡಿ ಊರು ಯಾವುದು ಅಂತ ಹೇಳೋಕಾಗಲ್ಲ. ಅಕ್ರೊಪೊಂಗ್ ಅವರಿಗೆ ಬಂದ ದಿನ ಊರಾಗಿರಲಿಲ್ಲ. ಕೂಲಿಗೆ ಜಗಳ ಆಡಿ, ಕಲ್ಲು ಹೊತ್ತು, ಗಿಡ ನೆಟ್ಟು, ಅಲ್ಲೇ ಮಕ್ಕಳನ್ನ ಹೆತ್ತು ಅದನ್ನ ಊರು ಮಾಡಿಕೊಂಡರು. ವಾಪಸ್ ಹೋಗೋ ಹಕ್ಕು ಕೈಯಲ್ಲಿದ್ದೂ ಉಳಿದರಲ್ಲ, ಅದಕ್ಕೇ ಆ ಊರು ಅವರದಾಯಿತು.

ಹಾಂ, ಮಾವಿನ ವಿಷಯ ಬಾಕಿ ಇದೆ. ಜಮೈಕಾಕ್ಕೆ ಮಾವು ಬಂದಿದ್ದು 1782ರಲ್ಲಿ. ಮಾರಿಷಸ್ ಕಡೆಯಿಂದ ಗಿಡ ಹೊತ್ತು ಬರ್ತಿದ್ದ ಫ್ರೆಂಚ್ ಹಡಗನ್ನ ಬ್ರಿಟಿಷರು ಹಿಡಿದರು, ಗಿಡಗಳು ಜಮೈಕಾದಲ್ಲಿ ಇಳಿದವು. ಅದಕ್ಕೂ ಹಿಂದೆ ಹೋದರೆ ಮಾವಿನ ಬೇರು ಇರೋದು ನಮ್ಮ ಈ ಉಪಖಂಡದಲ್ಲೇ. ಇಲ್ಲಿಂದ ಹೊರಟು ಸಮುದ್ರ ಮೇಲೆ ಸಮುದ್ರ ದಾಟಿ ಅಕ್ರೊಪೊಂಗ್ ಬೆಟ್ಟದಲ್ಲಿ ಬೇರು ಬಿಟ್ಟ ಮರವನ್ನ ನಿಂದು ಯಾವೂರು ಅಂತ ಕೇಳಿದರೆ ಏನು ಹೇಳುತ್ತೋ ಗೊತ್ತಿಲ್ಲ. ಅಲ್ಲಿ ಹಣ್ಣು ತಿನ್ನೋ ಮಕ್ಕಳಂತೂ ಅದನ್ನ ನಮ್ಮೂರ ಮರ ಅಂತಾನೇ ಅನ್ನಬಹುದು.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲೂ ದೂರದೂರಿಗೆ ಹೋಗಿ ನೆಲೆ ಊರಿದ ಹಿರಿಯರು ಇದ್ದರೆ ಅವರು ಮೊದಲ ವರ್ಷ ಹೇಗೆ ಕಳೆದರು ಅಂತ ಒಮ್ಮೆ ಕೇಳಿ ನೋಡಿ. ಕೇಳಿದ್ದನ್ನ ನನಗೂ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.